ಕೇಳುವ ಮನಸ್ಸು, ಪರಿಚಯದ ಬಲ

ಸಣ್ಣ ಉದ್ಯಮ ಕಟ್ಟುವವರ ಬಗ್ಗೆ ಮಾತಾಡುವ ಮೊದಲು ಒಂದು ಆಟ. ಇಲ್ಲೇ, ಈ ವೇದಿಕೆಯ ಮುಂದೆ ಒಂದು ಗೂಟ ನಿಲ್ಲಿಸಿದ್ದಾರೆ ಅಂದುಕೊಳ್ಳಿ. ನಿಮ್ಮ ಕೈಗೆ ಮೂರು ರಿಂಗ್ ಕೊಡುತ್ತಾರೆ. ಎಸೆದು ಗೂಟಕ್ಕೆ ಬೀಳಿಸಬೇಕು. ಎಲ್ಲಿ ನಿಂತು ಎಸೆಯಬೇಕು ಅಂತ ಯಾರೂ ಹೇಳುವುದಿಲ್ಲ. ಅದು ನಿಮಗೇ ಬಿಟ್ಟದ್ದು.

ಕೆಲವರು ಗೂಟದ ಪಕ್ಕದಲ್ಲೇ ನಿಂತು ರಿಂಗ್ ಇಳಿಬಿಡುತ್ತಾರೆ. ಮೂರಕ್ಕೆ ಮೂರೂ ಬೀಳುತ್ತವೆ. ಕೆಲವರು ಈ ಹಾಲ್‌ನ ಆ ತುದಿಗೆ ಹೋಗುತ್ತಾರೆ. ಬಿದ್ದರೆ ಚಪ್ಪಾಳೆ, ಬೀಳದಿದ್ದರೆ 'ಅಷ್ಟು ದೂರದಿಂದ ಯಾರಿಗಾದರೂ ಆಗುತ್ತಾ' ಅನ್ನಬಹುದು. ಇನ್ನು ಕೆಲವರು ನಾಲ್ಕು ಹೆಜ್ಜೆ ಹಿಂದೆ ನಿಲ್ಲುತ್ತಾರೆ. ಒಂದು ಎಸೆದು ನೋಡುತ್ತಾರೆ. ಬಿತ್ತಾ, ಅರ್ಧ ಹೆಜ್ಜೆ ಹಿಂದೆ. ಬೀಳಲಿಲ್ವಾ, ಅರ್ಧ ಹೆಜ್ಜೆ ಮುಂದೆ.

ನೀವು ಎಲ್ಲಿ ನಿಲ್ಲುತ್ತಿದ್ದಿರಿ? ಉತ್ತರ ನನಗೆ ಬೇಡ, ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಡೇವಿಡ್ ಮೆಕ್‌ಲೆಲೆಂಡ್ ಅಂತ ಹಾರ್ವರ್ಡ್‌ನಲ್ಲಿ ಒಬ್ಬರು ಮನಶ್ಶಾಸ್ತ್ರದ ಪ್ರಾಧ್ಯಾಪಕರಿದ್ದರು. ಈ ಮೂರನೇ ಗುಂಪಿನವರನ್ನು ಅವರು ಬಹಳ ವರ್ಷ ಗಮನಿಸಿದರು. ಸಾಧಿಸಬೇಕು ಅನ್ನುವ ಹಂಬಲ ಇರುವವರು ಲಾಟರಿ ಆಡುವುದಿಲ್ಲ, ಸುಮ್ನೆ ಕೂರುವುದೂ ಇಲ್ಲ, ಸ್ವಲ್ಪ ಕಷ್ಟಪಟ್ಟರೆ ಕೈಗೆಟುಕುವ ದೂರವನ್ನು ಹುಡುಕಿಕೊಳ್ಳುತ್ತಾರೆ ಅನ್ನುವುದು ಅವರ ಮಾತು. ಈ ಹಂಬಲವನ್ನು ಕಲಿಸಬಹುದಾ? ಅದನ್ನು ಪರೀಕ್ಷೆ ಮಾಡಲು ಅವರು ಆರಿಸಿಕೊಂಡ ಊರು ಆಂಧ್ರದ ಕಾಕಿನಾಡ. 1960ರ ದಶಕದ ಮಧ್ಯದಲ್ಲಿ ಅಲ್ಲಿನ ಸಣ್ಣ ವ್ಯಾಪಾರಿಗಳನ್ನು ಹೈದರಾಬಾದ್‌ನ ಸಣ್ಣ ಕೈಗಾರಿಕೆ ತರಬೇತಿ ಸಂಸ್ಥೆಗೆ ಕರೆಸಿ ತರಬೇತಿ ಕೊಟ್ಟರು. ಆಮೇಲೆ ನೋಡಿದರೆ, ತರಬೇತಿ ಪಡೆದವರು ಪಡೆಯದವರಿಗಿಂತ ಜಾಸ್ತಿ ಚುರುಕಾಗಿದ್ದರು. ಹೊಸ ಕೆಲಸ ಹಿಡಿದರು, ಜಾಸ್ತಿ ಹೊತ್ತು ದುಡಿದರು, ಬಂಡವಾಳ ಹಾಕಿದರು. ಹಳೆಯ ಸಂಪ್ರದಾಯ ಪಾಲಿಸುವವರು ವ್ಯಾಪಾರದಲ್ಲಿ ಹಿಂದೆ ಬೀಳುತ್ತಾರೆ ಅನ್ನುವ ಮಾತಿಗೂ ಅಲ್ಲಿ ಆಧಾರ ಸಿಗಲಿಲ್ಲ. ಪೂಜೆ ಮುಗಿಸಿ ಅಂಗಡಿ ಬಾಗಿಲು ತೆಗೆಯುವವರೂ ಅಷ್ಟೇ ಚೆನ್ನಾಗಿ ಬೆಳೆದರು.

ನಮ್ಮಲ್ಲೂ ಈ ಆಟ ನಡೆಯುತ್ತಲೇ ಇದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳ ಕ್ಷೇತ್ರ, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ, ಹಳ್ಳಿಯ ಯುವಜನರಿಗೆ ಸ್ವಂತ ಉದ್ಯೋಗ ಕಲಿಸುವ ರುಡ್‌ಸೆಟ್ ಸಂಸ್ಥೆ ಕಟ್ಟಿದವು. ಅದರ ಮಾದರಿಯಲ್ಲೇ ಇವತ್ತು ದೇಶದ ಬಹುತೇಕ ಜಿಲ್ಲೆಗಳಲ್ಲಿ ಅಂಥವೇ ತರಬೇತಿ ಕೇಂದ್ರಗಳು, ಅಂದರೆ ಆರ್‌ಸೆಟಿಗಳಿವೆ. ಮೊಬೈಲ್ ರಿಪೇರಿ ಕಲಿಯಲು ಬಂದ ಹುಡುಗ, ಹೊಲಿಗೆ ಕಲಿಯಲು ಬಂದ ಹೆಣ್ಣುಮಗಳು, ಇಬ್ಬರೂ ಮೊದಲ ದಿನಗಳಲ್ಲಿ ರಿಂಗ್ ಎಸೆಯುತ್ತಾರೆ. ನಾನು ಬ್ಯಾಂಕಿನ ಕೆಲಸದಲ್ಲಿದ್ದಾಗ ಮತ್ತು ಆಮೇಲೆ ತರಬೇತಿ ಕೊಡುವಾಗ ಈ ಆಟವನ್ನು ನೂರಾರು ಸಲ ನೋಡಿದ್ದೇನೆ.

ನೋಡುತ್ತಾ ನೋಡುತ್ತಾ ನನಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಎಷ್ಟೋ ಜನ ಆಟದಲ್ಲಿ ಸರಿಯಾದ ಜಾಗದಲ್ಲೇ ನಿಲ್ಲುತ್ತಾರೆ. ಧೈರ್ಯ ಇದೆ, ಲೆಕ್ಕಾಚಾರ ಇದೆ, ದುಡಿಯುತ್ತಾರೆ. ಆದರೂ ಎರಡು ವರ್ಷ ಆದಮೇಲೆ ಹೋದರೆ ಅಂಗಡಿ ಬಾಗಿಲು ಹಾಕಿರುತ್ತದೆ. ಅವರ ಮನಸ್ಸಿನಲ್ಲಿ ಏನೂ ಕೊರತೆ ಇರಲಿಲ್ಲ. ಹಾಗಾದರೆ ಕೊರತೆ ಎಲ್ಲಿತ್ತು? ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ.

ಕರಾವಳಿಯ ಹೋಟೆಲ್‌ನವರನ್ನು ನೋಡೋಣ. 1923ರಲ್ಲಿ ದಕ್ಷಿಣ ಕನ್ನಡದಲ್ಲಿ ದೊಡ್ಡ ನೆರೆ ಬಂತು. ಆ ಕಾಲದಲ್ಲಿ, ಅದಕ್ಕೆ ಮುಂಚೆ, ಆಮೇಲೆ, ಎಷ್ಟೋ ಹುಡುಗರು ಊರು ಬಿಟ್ಟು ಮದ್ರಾಸ್, ಮುಂಬೈ, ಬೆಂಗಳೂರು ಸೇರಿದರು. ಕೈಯಲ್ಲಿ ಏನಿತ್ತು? ಒಂದು ಚೀಟಿ. ಅದರಲ್ಲಿ ಊರಿನವರ ಹೋಟೆಲ್‌ನ ವಿಳಾಸ. ಅಲ್ಲಿಗೆ ಹೋದರೆ ಊಟ ಸಿಗುತ್ತದೆ, ರಾತ್ರಿ ಮಲಗಲು ಬೆಂಚು ಸಿಗುತ್ತದೆ, ಬೆಳಿಗ್ಗೆ ಲೋಟ ತೊಳೆಯುವ ಕೆಲಸ ಸಿಗುತ್ತದೆ. ಮುಂಬೈಯಲ್ಲಾದರೆ ಕೆಲಸ ಮುಗಿಸಿ ಕನ್ನಡ ರಾತ್ರಿಶಾಲೆಗೂ ಹೋಗಬಹುದಿತ್ತು. ಕ್ಲೀನರ್ ಆಗಿ ಸೇರಿದ ಹುಡುಗ ಸಪ್ಲಾಯರ್ ಆದ, ಅಡುಗೆಮನೆ ಹೊಕ್ಕ, ಒಂದು ದಿನ ಗಲ್ಲಾದಲ್ಲಿ ಕೂತ. ಗಲ್ಲಾದಲ್ಲಿ ಕೂತ ಮೇಲೆ ಅವನಿಗೆ ವ್ಯಾಪಾರದ ಒಳಗುಟ್ಟು ಗೊತ್ತಾಯಿತು. ಅಕ್ಕಿ ಯಾರು ಉದ್ರಿ ಕೊಡುತ್ತಾರೆ, ಹಾಲಿನವನಿಗೆ ಯಾವ ದಿನ ದುಡ್ಡು ಕೊಡಬೇಕು, ಯಾವ ಅಡುಗೆಭಟ್ಟರು ಯಾವಾಗ ಊರಿಗೆ ಹೋಗುತ್ತಾರೆ. ಸ್ವಂತ ಹೋಟೆಲ್ ಇಡುವ ಹೊತ್ತಿಗೆ ಅವನ ಹತ್ತಿರ ದುಡ್ಡು ಕಡಿಮೆ ಇತ್ತು, ಆದರೆ ದಿನಸಿ ಅಂಗಡಿಯವನಿಗೆ ಅವನ ಮುಖ ಗೊತ್ತಿತ್ತು. ಹದಿನೈದು ದಿನದ ಉದ್ರಿ ಅಂದರೆ ಸಣ್ಣ ಹೋಟೆಲ್‌ಗೆ ಅದೇ ಬಂಡವಾಳ, ಅಲ್ವಾ?

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗಿ ಪಿಗ್ಮಿ ಬಗ್ಗೆ ಹೇಳಲೇಬೇಕು. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಒಂದು ಬ್ಯಾಂಕ್ ಶುರು ಮಾಡಿದರು. ಕಷ್ಟದಲ್ಲಿದ್ದ ನೇಕಾರರಿಗೆ ಸಣ್ಣ ಸಾಲ ಸಿಗಲಿ ಅನ್ನುವುದು ಉದ್ದೇಶ. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿತು. 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು.

ಎಲ್ಲರೂ ಇದನ್ನು ಉಳಿತಾಯದ ಯೋಜನೆ ಅನ್ನುತ್ತಾರೆ. ನನ್ನ ಕಣ್ಣಿಗೆ ಅದು ಪರಿಚಯದ ಯೋಜನೆ. ಪಿಗ್ಮಿ ಏಜೆಂಟ್ ದಿನಾ ಸಂಜೆ ಅಂಗಡಿಗೆ ಬರುತ್ತಾರೆ. ಗಲ್ಲಾ ತೆಗೆದಾಗ ಒಳಗೆ ಎಷ್ಟಿದೆ ಅಂತ ಅವರಿಗೆ ಕಾಣುತ್ತದೆ. ಮಳೆಗಾಲದಲ್ಲಿ ಯಾರ ವ್ಯಾಪಾರ ಇಳಿಯುತ್ತದೆ, ಮಗಳ ಮದುವೆ ಇದ್ದರೂ ಯಾರು ಒಂದು ದಿನವೂ ತಪ್ಪಿಸಲಿಲ್ಲ, ಎಲ್ಲ ಗೊತ್ತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಸೈಕಲ್ ಶಾಪಿನವರು ಸಾಲ ಕೇಳಿ ಬಂದರು. ಜಾಮೀನು ಕೊಡುವವರು ಇರಲಿಲ್ಲ. ಫೈಲ್ ನೋಡಿ ಆಗುವುದಿಲ್ಲ ಅಂದೆ. ಆ ಮನುಷ್ಯ ಸುಮ್ಮನೆ ತಲೆಯಾಡಿಸಿ ಹೋದರು. ಸಂಜೆ ನಮ್ಮ ಪಿಗ್ಮಿ ಏಜೆಂಟ್ ಬಂದು ಕೇಳಿದರು: "ಸಾರ್, ಆರು ವರ್ಷದಿಂದ ಒಂದು ದಿನ ಬಿಟ್ಟಿಲ್ಲ ಅವರು. ನನ್ನ ಕೇಳಬಾರದಿತ್ತಾ?" ಹೌದು, ಕೇಳಬೇಕಿತ್ತು. ಅಷ್ಟು ಹೊತ್ತಿಗೆ ಅವರು ಬೇರೆ ಕಡೆ ಮೀಟರ್ ಬಡ್ಡಿಗೆ ಸಾಲ ತಂದಾಗಿತ್ತು. ಅದು ನನ್ನ ತಪ್ಪು, ಇವತ್ತಿಗೂ ಮನಸ್ಸಿನಲ್ಲಿದೆ. ಬ್ಯಾಂಕಿಗೆ ಕಾಣದ ಭರವಸೆ ಊರಿಗೆ ಕಾಣುತ್ತಿರುತ್ತದೆ. ಅದನ್ನು ಬ್ಯಾಂಕಿಗೆ ತಲುಪಿಸುವ ಒಬ್ಬ ಮನುಷ್ಯ ನಡುವೆ ಬೇಕು.

ಸರಿ, ಹೋಟೆಲ್‌ಗೆ ವಾಪಸ್ ಬರೋಣ. ನಮ್ಮವರು ನಮ್ಮನ್ನು ಎತ್ತುತ್ತಾರೆ, ಅದು ನಿಜ. ಆದರೆ ನಮ್ಮವರ ಹತ್ತಿರ ಇರುವುದು ನಮಗೆ ಗೊತ್ತಿರುವ ಸುದ್ದಿಯೇ. ಒಂದೇ ಊರಿನ ಹತ್ತು ಜನ ಒಂದೇ ರಸ್ತೆಯಲ್ಲಿ ಒಂದೇ ಇಡ್ಲಿ, ಒಂದೇ ಸಾಂಬಾರ್, ಒಂದೇ ಬೆಲೆಗೆ ಇಟ್ಟರೆ ಏನಾಗುತ್ತದೆ? ಯಾರೂ ಬೆಳೆಯುವುದಿಲ್ಲ. ಬೆಳೆದವರನ್ನು ನೋಡಿ. ಅವರ ಕಥೆಯಲ್ಲಿ ಎಲ್ಲೋ ಒಂದು ಕಡೆ ಹೊರಗಿನ ಒಬ್ಬರು ಬಂದಿರುತ್ತಾರೆ, ಅಥವಾ ಇವರೇ ಹೊರಗೆ ಹೋಗಿರುತ್ತಾರೆ.

ಎಂಟಿಆರ್ ಅನ್ನೇ ತೆಗೆದುಕೊಳ್ಳಿ. ಉಡುಪಿ ಕಡೆಯ ಹಳ್ಳಿಯಿಂದ ಬಂದ ಮಯ್ಯ ಸಹೋದರರು ಬೆಂಗಳೂರಿನ ಉಳ್ಳವರ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದರು. ಹೋಟೆಲ್ ಇಡು ಅಂತ ಪರಮೇಶ್ವರ ಮಯ್ಯರಿಗೆ ಹುರಿದುಂಬಿಸಿದ್ದು ಅವರು ಕೆಲಸಕ್ಕಿದ್ದ ಮನೆಯವರು. 1924ರಲ್ಲಿ ಲಾಲ್‌ಬಾಗ್ ಫೋರ್ಟ್ ರಸ್ತೆಯಲ್ಲಿ ಕಾಫಿ, ಇಡ್ಲಿಯ ಸಣ್ಣ ಹೋಟೆಲ್ ಶುರುವಾಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂತು. ಅಕ್ಕಿ ಇಲ್ಲದೆ ಇಡ್ಲಿ ಹೇಗೆ? ರವೆಯಲ್ಲಿ ಮಾಡಿ ನೋಡಿದರು. ರವೆ ಇಡ್ಲಿ ಹುಟ್ಟಿದ್ದು ಹಾಗೆ ಅಂತ ಎಂಟಿಆರ್‌ನವರು ಹೇಳುತ್ತಾರೆ. ನನಗೆ ಜಾಸ್ತಿ ಇಷ್ಟವಾದದ್ದು ಇದರ ಮುಂದಿನ ಭಾಗ. ತಮ್ಮ ಯಜ್ಞನಾರಾಯಣ ಮಯ್ಯ 1951ರಲ್ಲಿ ಯುರೋಪಿಗೆ ಹೋದರು. ಇಡ್ಲಿ ಮಾಡುವವರಿಗೆ ಯುರೋಪಿನಲ್ಲಿ ಏನು ಕೆಲಸ? ಅಲ್ಲಿನ ಹೋಟೆಲ್‌ಗಳು ಎಷ್ಟು ಶುಚಿಯಾಗಿವೆ, ಕೆಲಸ ಹೇಗೆ ಹಂಚಿಕೊಂಡಿದ್ದಾರೆ ಅಂತ ಕಣ್ಣಾರೆ ನೋಡಿದರು. ವಾಪಸ್ ಬಂದು ತಟ್ಟೆ ಲೋಟಗಳನ್ನು ಬಿಸಿ ಹಬೆಯಲ್ಲಿ ತೊಳೆಸಿದರು, ಗಿರಾಕಿಗಳಿಗೆ ಅಡುಗೆಮನೆ ತೋರಿಸಿದರು. 1960ರಲ್ಲಿ ಹೆಸರು ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಯ ಬೆಲೆ ಇಳಿಸಿತು. ಗುಣಮಟ್ಟ ಇಳಿಸಲು ಇವರಿಗೆ ಮನಸ್ಸಿಲ್ಲ, ಆ ಬೆಲೆಗೆ ಕೊಟ್ಟರೆ ನಷ್ಟ. ಕೆಲಸಗಾರರಿಗೆ ಕೆಲಸ ಬೇಕು. ಆಗ ತಿಂಡಿಯ ಮಿಕ್ಸ್, ಪುಡಿಗಳನ್ನು ಪೊಟ್ಟಣ ಕಟ್ಟಿ ಮಾರಲು ಹೊರಟರು. ಇವತ್ತು ಎಂಟಿಆರ್ ಅಂದರೆ ಎಷ್ಟೋ ಜನರಿಗೆ ನೆನಪಾಗುವುದು ಆ ಪೊಟ್ಟಣವೇ.

ಡ್ಯಾನಿ ಮಿಲ್ಲರ್ ಅನ್ನುವ ಕೆನಡಾದ ವಿದ್ವಾಂಸರು 1983ರಲ್ಲಿ ಉದ್ಯಮಶೀಲತೆಯನ್ನು ಅಳೆಯಲು ಮೂರು ವಿಷಯ ನೋಡಿ ಅಂದರು. ಹೊಸದನ್ನು ಮಾಡುತ್ತಾರಾ, ರಿಸ್ಕ್ ತಗೊಳ್ತಾರಾ, ಬೇರೆಯವರಿಗಿಂತ ಮುಂಚೆ ಹೆಜ್ಜೆ ಇಡುತ್ತಾರಾ. ಮಯ್ಯರ ಕಥೆಯಲ್ಲಿ ಮೂರೂ ಇವೆ. ನಾನು ಅದಕ್ಕೆ ನಾಲ್ಕನೆಯದೊಂದನ್ನು ಸೇರಿಸುತ್ತೇನೆ: ಗೊತ್ತಿಲ್ಲದವರ ಹತ್ತಿರ ಹೋಗಿ ಕೇಳುತ್ತಾರಾ? ಮನೋಭಾವ ಒಂದು ಕಡೆ, ಜನರ ಬಳಕೆ ಇನ್ನೊಂದು ಕಡೆ ಅಂತ ನಾವು ಬೇರೆ ಬೇರೆ ಮಾಡಿ ಮಾತಾಡುತ್ತೇವೆ. ನಾನು ನೋಡಿದ ಅಂಗಡಿಗಳಲ್ಲಿ ಅವೆರಡೂ ಒಂದೇ ಗಂಟಿನಲ್ಲಿದ್ದವು. ಕೇಳುವ ಮನಸ್ಸಿದ್ದವರಿಗೆ ಜನ ಸಿಕ್ಕಿದರು. ಜನ ಸಿಕ್ಕವರಿಗೆ ಇನ್ನೊಂದು ಹೆಜ್ಜೆ ಹಿಂದೆ ನಿಂತು ರಿಂಗ್ ಎಸೆಯುವ ಧೈರ್ಯ ಬಂತು.

ದೂರದ ಪರಿಚಯ ಯಾಕೆ ಬೇಕು ಅನ್ನುವುದಕ್ಕೆ ಮಾರ್ಕ್ ಗ್ರನೊವೆಟರ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞರು 1973ರಲ್ಲಿ ಬರೆದದ್ದು ಇವತ್ತಿಗೂ ಹೊಸದಾಗಿಯೇ ಇದೆ. ಬಾಸ್ಟನ್ ಹತ್ತಿರದ ನ್ಯೂಟನ್ ಊರಿನಲ್ಲಿ, ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು ಅವರು ಕೇಳಿದರು: ಸುದ್ದಿ ಕೊಟ್ಟವರನ್ನು ನೀವು ಎಷ್ಟು ಸಲ ಭೇಟಿ ಆಗುತ್ತಿದ್ದಿರಿ? ಆಗಾಗ ಭೇಟಿ ಆಗುತ್ತಿದ್ದೆವು ಅಂದವರು ನೂರಕ್ಕೆ ಸುಮಾರು 17 ಮಾತ್ರ. ಉಳಿದವರೆಲ್ಲ ಯಾವಾಗಲೋ ಒಮ್ಮೆ, ಅಥವಾ ಅಪರೂಪಕ್ಕೆ ಅಂದರು. ಹತ್ತಿರದ ಗೆಳೆಯರಿಗೆ ನಮ್ಮ ಮೇಲೆ ಪ್ರೀತಿ ಜಾಸ್ತಿ, ಆದರೆ ಹೊಸ ಸುದ್ದಿ ಬರುವುದು ಅರ್ಧಂಬರ್ಧ ಪರಿಚಯದವರಿಂದ.

ಇದನ್ನು ನನಗೆ ಮನಸ್ಸಿಗೆ ನಾಟುವ ಹಾಗೆ ಕಲಿಸಿದ್ದು ಹುಬ್ಬಳ್ಳಿಯ ಒಬ್ಬ ಅಕ್ಕ. ಜೋಳದ ರೊಟ್ಟಿ ಮಾಡುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹಚ್ಚುತ್ತಾರೆ. ಬಿಸಿನೀರು ಹಾಕಿ ಹಿಟ್ಟು ನಾದಿ, ಕೈಯಿಂದ ತಟ್ಟಿ, ಹಂಚಿನ ಮೇಲೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರಿ ತಿರುವುತ್ತಾರೆ. ಆ ತಟ್ಟುವ ಸದ್ದು ಓಣಿಯ ತುದಿಗೆ ಕೇಳುತ್ತದೆ. ದಿನಕ್ಕೆ ಇನ್ನೂರು ರೊಟ್ಟಿ, ಎಲ್ಲವೂ ಒಂದೇ ಖಾನಾವಳಿಗೆ. ಖಾನಾವಳಿಯವರು ದುಡ್ಡು ಕೊಡುವುದು ಅವರಿಗೆ ಮನಸ್ಸು ಬಂದಾಗ. ಕೇಳಲು ಇವರಿಗೆ ಹೆದರಿಕೆ, ಅವರು ಬೇಡ ಅಂದರೆ ಇನ್ನೂರು ರೊಟ್ಟಿ ಯಾರಿಗೆ? "ರೊಟ್ಟಿ ಮಾಡೂದು ನಂಗ ಬರತೈತ್ರಿ, ಮಂದೀನ್ನ ಮಾತಾಡ್ಸೂದು ಬರಂಗಿಲ್ರಿ," ಅಂದರು ನನ್ನ ಹತ್ತಿರ.

ನಾನು ಹೇಳಿದ್ದು ಒಂದೇ. ದಿನಾ ಒಬ್ಬರಿಗೆ ನಿಮ್ಮ ಕೆಲಸದ ಬಗ್ಗೆ ಹೇಳಿ. ಮಾರಬೇಡಿ, ಸುಮ್ನೆ ಹೇಳಿ. ಎರಡು ವಾರ ಏನೂ ಆಗಲಿಲ್ಲ. ತವರಿಗೆ ಹೋಗುವಾಗ ಬಸ್ಸಿನಲ್ಲಿ ಕಂಡಕ್ಟರ್ ಚೀಲ ನೋಡಿ ಏನದು ಅಂತ ಕೇಳಿದ್ದಾರೆ. ರೊಟ್ಟಿ ಅಂದಿದ್ದಾರೆ, ಮಾಡಿ ಕೊಡ್ತೀನಿ ಅಂತಲೂ ಹೇಳಿದ್ದಾರೆ. ಆ ಕಂಡಕ್ಟರ್ ಮುಂಚೆ ಬೆಂಗಳೂರು ರೂಟಿನಲ್ಲಿ ಇದ್ದವರು. "ಅಕ್ಕಾರ, ಬೆಂಗಳೂರಾಗ ನಾವು ಇಳ್ಕೊಳ್ಳೂ ರೂಮಿನ ಎದುರಿಗೆ ಒಂದ್ ಮೆಸ್ ಐತ್ರಿ. ನಮ್ ಕಡಿ ಹುಡುಗೂರು ಬಾಳ ಬರ್ತಾರ. ಖಡಕ್ ರೊಟ್ಟಿ ಸಿಗವಲ್ದು ಅಂತ ಅವ್ರು ಅಂತಿರ್ತಾರ," ಅಂತ ಹೇಳಿ ನಂಬರ್ ತರಿಸಿಕೊಟ್ಟರು. ಖಡಕ್ ರೊಟ್ಟಿ ವಾರಗಟ್ಟಲೆ ಇರುತ್ತದೆ, ಬಸ್ಸಿನಲ್ಲಿ ಹೋಗುತ್ತದೆ. ಈಗ ಅಕ್ಕನಿಗೆ ಬೆಂಗಳೂರಿನಲ್ಲಿ ನಾಲ್ಕು ಗಿರಾಕಿಗಳು. ಓಣಿಯ ಇನ್ನೂ ಆರು ಹೆಣ್ಣುಮಕ್ಕಳು ಅವರ ಜೊತೆ ತಟ್ಟುತ್ತಾರೆ. ಹಳೆಯ ಖಾನಾವಳಿಯವರು ಈಗ ವಾರಕ್ಕೊಮ್ಮೆ ದುಡ್ಡು ಕೊಡುತ್ತಾರೆ. ಇವರು ಜಗಳ ಮಾಡಲಿಲ್ಲ. ಇವರಿಗೆ ಬೇರೆ ದಾರಿ ಇದೆ ಅಂತ ಅವರಿಗೆ ಗೊತ್ತಾಯಿತು, ಅಷ್ಟೇ.

ದುಡ್ಡು ತಡವಾಗುವ ಮಾತು ಬಂತಲ್ಲ, ಇಲ್ಲಿ ಫ್ಯಾಕ್ಟರಿ ನಡೆಸುವವರು ತುಂಬಾ ಜನ ಇದ್ದೀರಿ. 2006ರ ಸಣ್ಣ ಮತ್ತು ಮಧ್ಯಮ ಉದ್ಯಮಗಳ, ಅಂದರೆ ಎಂಎಸ್‌ಎಂಇ ಕಾಯ್ದೆ ಪ್ರಕಾರ ದೊಡ್ಡ ಕಂಪನಿ ನಿಮಗೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕಾನೂನು ಇದೆ. ಆದರೆ ದೂರು ಕೊಟ್ಟವರು ಎಷ್ಟು ಜನ? ಒಬ್ಬನೇ ಗಿರಾಕಿ ಇದ್ದಾಗ ಆ ಸಂಬಂಧವೇ ನಿಮ್ಮ ಕೈ ಕಟ್ಟುತ್ತದೆ. ಇಂಥ ಕಡೆ ಒಬ್ಬೊಬ್ಬರೇ ಮಾತಾಡುವುದು ಕಷ್ಟ, ಸಂಘ ಮಾತಾಡಬೇಕು. ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ 1949ರಿಂದ ಇದೆ. ಸಂಘದ ಸಭೆಗೆ ಹೋಗುವುದು ಟೈಮ್ ವೇಸ್ಟ್ ಅನ್ನುವವರನ್ನು ನಾನು ಒಪ್ಪುವುದಿಲ್ಲ.

ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದಲ್ಲಿ ಪರಿಚಯದ ಬಲವನ್ನು ಹತ್ತಿರದಿಂದ ನೋಡಬಹುದು. ಒಂದು ಶೆಡ್ಡಿನಲ್ಲಿ ಎರಡು ಲೇತ್. ಟರ್ನಿಂಗ್ ಇಲ್ಲಿ, ಗ್ರೈಂಡಿಂಗ್ ಪಕ್ಕದ ರಸ್ತೆಯಲ್ಲಿ, ಹೀಟ್ ಟ್ರೀಟ್‌ಮೆಂಟ್ ಇನ್ನೊಂದು ಕಡೆ, ಪ್ಲೇಟಿಂಗ್ ಮತ್ತೊಂದು ಕಡೆ. ಒಂದು ಸಣ್ಣ ಪಿನ್ ತಯಾರಾಗುವ ಹೊತ್ತಿಗೆ ನಾಲ್ಕು ಮಾಲೀಕರ ಕೈ ದಾಟಿರುತ್ತದೆ. ಎರಡು ಲೇತ್ ಇರುವವರು ಐದು ಸಾವಿರ ಪೀಸಿನ ಆರ್ಡರ್ ಒಪ್ಪಿಕೊಳ್ಳುತ್ತಾರೆ ಅಂದರೆ ಅದು ಹುಂಬತನ ಅನ್ನಿಸಬಹುದು. ಅವರು ಪಕ್ಕದ ಶೆಡ್ಡಿನ ಲೇತನ್ನೂ ಲೆಕ್ಕಕ್ಕೆ ಹಿಡಿದಿರುತ್ತಾರೆ. ಡ್ರಾಯಿಂಗ್ ತೋರಿಸಿದರೆ ಗಿರಾಕಿಯನ್ನೇ ಕಿತ್ತುಕೊಳ್ಳುತ್ತಾರೆ ಅಂತ ಹೆದರಿ ಎಲ್ಲವನ್ನೂ ತಾವೇ ಮಾಡಲು ಹೋದವರು ಡೆಲಿವರಿ ತಪ್ಪಿಸಿ ಆರ್ಡರ್ ಕಳೆದುಕೊಂಡದ್ದನ್ನು ನೋಡಿದ್ದೇನೆ. ಹೆದರಿಕೆ ಸುಳ್ಳಲ್ಲ, ಗಿರಾಕಿಯನ್ನು ಕಿತ್ತುಕೊಳ್ಳುವವರೂ ಇದ್ದಾರೆ. ಆದರೆ ಹಾಗೆ ಮಾಡಿದವರ ಹೆಸರು ಒಂದು ವಾರದಲ್ಲಿ ಟೀ ಅಂಗಡಿ ತನಕ ತಲುಪಿರುತ್ತದೆ, ಆಮೇಲೆ ಅವರಿಗೆ ಯಾರೂ ಜಾಬ್ ವರ್ಕ್ ಕೊಡುವುದಿಲ್ಲ.

ಈಗ ಒಂದು ಕಹಿ ಮಾತು ಹೇಳಬೇಕು. ಮಯ್ಯರ ಹೋಟೆಲ್‌ಗೆ ಮೊದಲಿದ್ದ ಹೆಸರು ಬ್ರಾಹ್ಮಣ್ ಕಾಫಿ ಕ್ಲಬ್. ಆ ಕಾಲದ ಎಷ್ಟೋ ಹೋಟೆಲ್‌ಗಳ ಬೋರ್ಡಿನಲ್ಲಿ ಜಾತಿಯ ಹೆಸರಿತ್ತು. ಊರಿನವರ ವಿಳಾಸ ಬರೆದ ಚೀಟಿ ಎಲ್ಲ ಹುಡುಗರ ಕೈಯಲ್ಲೂ ಇರಲಿಲ್ಲ. ದಲಿತರ ಹುಡುಗ ಅದೇ ನೆರೆಯಲ್ಲಿ ಅದೇ ಊರಿನಿಂದ ಹೊರಟಿದ್ದರೂ ಅವನಿಗೆ ಅಡುಗೆಮನೆಯ ಬಾಗಿಲು ತೆರೆಯುತ್ತಿರಲಿಲ್ಲ. ಅವನಲ್ಲಿ ಹಂಬಲ ಕಡಿಮೆ ಇತ್ತಾ? ನಮ್ಮ ಜನರ ಬಳಗ ಅಂತ ನಾವು ಹೆಮ್ಮೆಯಿಂದ ಹೇಳುವ ಪ್ರತಿಯೊಂದಕ್ಕೂ ಒಂದು ಗೋಡೆ ಇರುತ್ತದೆ, ಗೋಡೆಯ ಹೊರಗೆ ಯಾರೋ ನಿಂತಿರುತ್ತಾರೆ. ಹೆಣ್ಣುಮಕ್ಕಳ ಕಥೆಯೂ ಹಾಗೇ. ಸಂಜೆ ಏಳರ ಮೇಲೆ ಗಂಡಸರು ಕೂತು ಮಾತಾಡುವ ಜಾಗದಲ್ಲಿ ಆರ್ಡರ್ ಕೈ ಬದಲಾಗುತ್ತದೆ, ಅಲ್ಲಿಗೆ ಇವರು ಹೋಗುವ ಹಾಗಿಲ್ಲ. ಅದಕ್ಕೇ 1983ರಲ್ಲಿ ಬೆಂಗಳೂರಿನಲ್ಲಿ ಮಹಿಳೆಯರೇ ಸೇರಿ ಅವೇಕ್ ಅನ್ನುವ ಮಹಿಳಾ ಉದ್ಯಮಿಗಳ ಸಂಘ ಕಟ್ಟಿದರು. 2005ರಲ್ಲಿ ಪುಣೆಯಲ್ಲಿ ದಲಿತ ಉದ್ಯಮಿಗಳ ಚೇಂಬರ್ ಹುಟ್ಟಿತು. ಕೇಂದ್ರ ಸರ್ಕಾರದ ಖರೀದಿಯಲ್ಲಿ ಈಗ 25 ಪರ್ಸೆಂಟ್ ಸಣ್ಣ ಉದ್ಯಮಗಳಿಂದ ಬರಬೇಕು, ಆ 25ರಲ್ಲಿ 4 ಪರಿಶಿಷ್ಟರಿಂದ, 3 ಮಹಿಳೆಯರಿಂದ. ಇಷ್ಟು ನಿಯಮ ಯಾಕೆ ಬೇಕು ಅಂತ ಕೇಳುವವರಿದ್ದಾರೆ. ಚೀಟಿ ಇಲ್ಲದವರಿಗೆ ಒಂದು ಚೀಟಿ ಬರೆದುಕೊಡುವ ಕೆಲಸ ಅದು, ಅಂತ ನಾನು ಹೇಳುತ್ತೇನೆ. ನಿಮ್ಮ ಊರಿನಲ್ಲಿ, ನಿಮ್ಮ ಸಂಘದಲ್ಲಿ ನೀವೂ ಬರೆದುಕೊಡಬಹುದು.

ಹೋದ ತಿಂಗಳು ರೊಟ್ಟಿ ಅಕ್ಕ ಫೋನ್ ಮಾಡಿದ್ದರು. ಅವರ ಮೊಬೈಲಿನಲ್ಲಿ ಹೆಸರುಗಳನ್ನು ಹೇಗೆ ಇಟ್ಟಿದ್ದಾರೆ ಗೊತ್ತಾ? 'ಕಂಡಕ್ಟರ್ ಅಣ್ಣ', 'ಮೆಸ್ ಬೆಂಗಳೂರ', 'ಚೀಲದ ಅಂಗಡಿ', 'ಹಿಟ್ಟಿನ ಗಿರಣಿ ಕಾಕಾ'. ಈಗ ಅವರಿಗೆ ಒಂದು ಹೊಸ ತೊಂದರೆ. ಮಳೆಗಾಲದಲ್ಲಿ ರೊಟ್ಟಿ ಗಾಳಿ ಹಿಡಿದು ಮೆತ್ತಗಾಗುತ್ತದೆ. ಒಳಗೆ ತೇವ ಹೋಗದ ಕವರ್ ಬೇಕು. ಎಂಥ ಕವರ್ ಆಗುತ್ತದೆ ಅಂತ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಕೇಳಿ ಅಂತ ಹೇಳಿದ್ದೇನೆ. ಆದರೆ ಕವರ್ ಮಾಡುವವರು ಕಡಿಮೆ ಅಂದರೂ ಹತ್ತು ಸಾವಿರ ತಗೊಳ್ಳಿ ಅನ್ನುತ್ತಾರಂತೆ. ಅಕ್ಕನಿಗೆ ಮೊದಲು ಐನೂರು ಸಾಕು, ಹಾಕಿ ನೋಡಬೇಕು. "ನಿಮಗ ಯಾರರ ಗೊತ್ತದಾರೇನ್ರಿ ಸರ್?" ಅಂತ ಕೇಳಿದರು. ನನಗೆ ಯಾರೂ ಗೊತ್ತಿಲ್ಲ. ಈ ಹಾಲ್‌ನಲ್ಲಿ ಪ್ಯಾಕಿಂಗ್ ಲೈನಿನವರು ಇದ್ದರೆ, ಅಥವಾ ಅಂಥವರನ್ನು ಬಲ್ಲವರು ಇದ್ದರೆ, ಟೀ ಕುಡಿಯುವಾಗ ನನ್ನ ಹತ್ತಿರ ಬನ್ನಿ. ಅಕ್ಕನಿಗೆ ಇಲ್ಲಿಂದಲೇ ಫೋನ್ ಹಚ್ಚಿ ಕೊಡುತ್ತೇನೆ.